ಉಳಿ ಹಿಡಿದವನೇ ಅಂಗಡಿ, ಕುಂಚ ಹಿಡಿದವಳೇ ಗುಮಾಸ್ತೆ: ಸೊರಬ, ಶಿಕಾರಿಪುರದ ಕಲಾವಿದರ ಹೊಸ ದುಡಿಮೆ

ಬೇಲೂರಿನ ಚೆನ್ನಕೇಶವ ದೇಗುಲಕ್ಕೆ ಹೋದವರೆಲ್ಲರೂ ಮದನಿಕೆಯರನ್ನು ತಲೆಯೆತ್ತಿ ನೋಡುತ್ತಾರೆ. ಅವುಗಳ ಪೀಠದಲ್ಲಿ ಕೊರೆದಿರುವ ಪುಟ್ಟ ಹಳಗನ್ನಡ ಅಕ್ಷರಗಳನ್ನು ಗಮನಿಸುವವರು ಕಡಿಮೆ. ಅಲ್ಲಿ ಕೆತ್ತಿದವರ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ ಮತ್ತು ಆತನ ಮಗ ಚಾವಣ ಅವರಲ್ಲಿ ಪ್ರಸಿದ್ಧರು. 1117ರಲ್ಲಿ ಪ್ರತಿಷ್ಠೆಯಾದ ಆ ದೇಗುಲದ ಶಿಲ್ಪಿಗಳು ಹೆಸರಿನ ಜೊತೆಗೆ ಊರನ್ನು ಹೇಳಿಕೊಂಡರು, ತಂದೆಯ ಹೆಸರನ್ನು ಹೇಳಿಕೊಂಡರು, ಪ್ರತಿಸ್ಪರ್ಧಿ ಶಿಲ್ಪಿಗಳನ್ನು ಹಂಗಿಸುವ ಬಿರುದುಗಳನ್ನೂ ಸಂಕೋಚವಿಲ್ಲದೆ ಕೆತ್ತಿಕೊಂಡರು. ಇಂದಿನ ಭಾಷೆಯಲ್ಲಿ ಅದನ್ನು ಜಾಹೀರಾತು ಎಂದರೂ ತಪ್ಪಾಗಲಾರದು.

ದಾಸೋಜನ ಬಳ್ಳಿಗಾವೆ ಇಂದು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇಗುಲಗಳು ಅಲ್ಲಿವೆ. ಪಕ್ಕದ ಸೊರಬ ತಾಲ್ಲೂಕು ಗುಡಿಗಾರರ ಗಂಧದ ಕೆತ್ತನೆಗೆ ಹೆಸರುವಾಸಿ. ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಒಂಬತ್ತು ಶತಮಾನಗಳ ಹಿಂದೆ ಕಲ್ಲಿನ ಮೇಲೆ ತನ್ನ ಹೆಸರು ಬರೆದುಕೊಂಡ ಶಿಲ್ಪಿಯ ನೆಲದಿಂದಲೇ ಇಪ್ಪತ್ತನೆಯ ಶತಮಾನದುದ್ದಕ್ಕೂ ಸಾವಿರಾರು ಗಂಧದ ಆನೆಗಳು, ಗಣಪತಿಗಳು, ಕರಡಿಗೆಗಳು ಮಾಡಿದವರ ಹೆಸರಿಲ್ಲದೆ ಹೊರಗೆ ಹೋದವು. ಕೊಂಡವನಿಗೆ ಮಳಿಗೆಯ ಹೆಸರು ಗೊತ್ತು, ಉಡುಗೊರೆ ಪಡೆದವನಿಗೆ ಕೊಟ್ಟವನ ಹೆಸರು ಗೊತ್ತು. ಕೆತ್ತಿದವನು ಸೊರಬದ ಯಾವುದೋ ಜಗುಲಿಯ ಮೇಲೆ ಕುಳಿತು ಮುಂದಿನ ತುಂಡಿಗೆ ಕೈ ಹಾಕಿರುತ್ತಿದ್ದ.

ಈಗ ಅದೇ ಜಗುಲಿಗೆ ಮೊಬೈಲ್ ಬಂದಿದೆ. 2016ರ ನಂತರ ಅಂತರ್ಜಾಲದ ದರ ಇಳಿದದ್ದು, ಅದೇ ವರ್ಷ ಯುಪಿಐ ಪಾವತಿ ಆರಂಭವಾದದ್ದು, 2020ರ ಲಾಕ್‌ಡೌನ್‌ನಲ್ಲಿ ಮೇಳ, ಪ್ರದರ್ಶನ, ಮಳಿಗೆಗಳೆಲ್ಲ ಮುಚ್ಚಿಹೋದದ್ದು, ಈ ಮೂರೂ ಸೇರಿ ಕಲಾವಿದನನ್ನು ನೇರವಾಗಿ ಗಿರಾಕಿಯ ಮುಂದೆ ನಿಲ್ಲಿಸಿದವು. ಇದನ್ನು ಬಿಡುಗಡೆ ಎಂದು ಬಣ್ಣಿಸುವುದು ವಾಡಿಕೆ. ಅರ್ಧ ನಿಜ. ಮಧ್ಯವರ್ತಿ ತೆಗೆದುಕೊಳ್ಳುತ್ತಿದ್ದ ಲಾಭದ ಒಂದು ಭಾಗ ಕಲಾವಿದನಿಗೆ ಬಂದಿರುವುದು ಹೌದು. ಆ ಮಧ್ಯವರ್ತಿ ಹೊರುತ್ತಿದ್ದ ಹೊರೆಯೂ ಇಡಿಯಾಗಿ ಅದೇ ಮನೆಗೆ ಬಂದಿದೆ.

ಗಂಧದ ಮರ, ಸರ್ಕಾರದ ಕೋಠಿ

ಗುಡಿಗಾರರ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ಅವರ ಪೂರ್ವಿಕರು ಗೋವಾ ಕಡೆಯಿಂದ ಬಂದವರೆಂಬ ಐತಿಹ್ಯವಿದೆ. ಸೊರಬ, ಸಾಗರ, ಸಿರಸಿ, ಸಿದ್ದಾಪುರ, ಘಟ್ಟದ ಕೆಳಗೆ ಕುಮಟಾ, ಹೊನ್ನಾವರಗಳಲ್ಲಿ ಈ ಕುಟುಂಬಗಳು ನೆಲೆಸಿವೆ. ಬ್ರಿಟಿಷರ ಕಾಲದಲ್ಲಿ ಲೂಯಿಸ್ ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್ ಸೊರಬದ ಗುಡಿಗಾರರ ಕೆತ್ತನೆಯನ್ನು ವಿಶೇಷವಾಗಿ ಪ್ರಸ್ತಾಪಿಸುತ್ತದೆ. ಗಂಧ ಒಂದೇ ಅವರ ಕಸುಬಲ್ಲ. ಮದುವೆಯ ಬೆಂಡಿನ ಬಾಸಿಂಗ, ಚೌತಿಯ ಮಣ್ಣಿನ ಗಣಪತಿ, ಯಕ್ಷಗಾನದ ಆಭರಣಗಳ ಮರದ ಕೆಲಸ, ಇವೆಲ್ಲವೂ ಗುಡಿಗಾರರ ಕೈಯವೇ. ವರ್ಷದ ಒಂದೊಂದು ಋತುವಿಗೆ ಒಂದೊಂದು ಕೆಲಸ ಎಂಬ ಈ ವ್ಯವಸ್ಥೆಯೇ ಅವರನ್ನು ಕಾಪಾಡಿಕೊಂಡು ಬಂದಿತು ಎನ್ನಬಹುದು.

ಗಂಧದ ಮರ ಮಾತ್ರ ಎಂದೂ ಕೆತ್ತುವವನ ವಶದಲ್ಲಿರಲಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ರಾಜವೃಕ್ಷವೆಂದು ಘೋಷಿಸಿದ. ರಾಜ್ಯ ಹೋದರೂ ನಿಯಮ ಉಳಿಯಿತು. ಖಾಸಗಿ ಹಿತ್ತಿಲಲ್ಲಿ ಬೆಳೆದ ಗಂಧವೂ ಸರ್ಕಾರದ್ದೇ ಎಂಬ ಸ್ಥಿತಿ 2001ರ ತಿದ್ದುಪಡಿಯವರೆಗೆ ಮುಂದುವರಿಯಿತು. ಹೀಗಾಗಿ ಕುಶಲಕರ್ಮಿ ಮರಕ್ಕಾಗಿ ಸರ್ಕಾರದ ಕೋಠಿಯನ್ನು ಅವಲಂಬಿಸಬೇಕಿತ್ತು. 1964ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮವು ತನ್ನ ಕಾವೇರಿ ಮಳಿಗೆಗಳ ಮೂಲಕ ಮಾರಾಟದ ವ್ಯವಸ್ಥೆ ಕಲ್ಪಿಸಿತು. ಮರವೂ ಅಲ್ಲಿಂದ, ಮಾರಾಟವೂ ಅಲ್ಲಿಗೆ. ಈ ವ್ಯವಸ್ಥೆಯಲ್ಲಿ ಕಲಾವಿದನ ಹೆಸರು ಹಿಂದೆ ಸರಿಯಿತೆಂಬುದು ನಿಜ. ಆದರೆ ಮಾರಾಟವಾಗದ ವಿಗ್ರಹ ಕಪಾಟಿನಲ್ಲಿ ಧೂಳು ತಿನ್ನುವ ಚಿಂತೆ, ಮೈಸೂರಿನ ಪ್ರವಾಸಿಗೆ ಇಂಗ್ಲಿಷಿನಲ್ಲಿ ವಿವರಿಸುವ ಕಷ್ಟ, ಬಾಡಿಗೆ, ಲೆಕ್ಕಪತ್ರ, ಇವು ಯಾವುವೂ ಸೊರಬದ ಜಗುಲಿಯವರೆಗೆ ಬರುತ್ತಿರಲಿಲ್ಲ.

2001ರ ತಿದ್ದುಪಡಿಯ ಹೊತ್ತಿಗೆ ಕಾಡಿನ ಗಂಧ ಕಳ್ಳಸಾಗಣೆಗೆ ಬಲಿಯಾಗಿ ಬಹುತೇಕ ಬರಿದಾಗಿತ್ತು. ಇಂದು ನೆಟ್ಟ ಗಂಧದಲ್ಲಿ ಕೆತ್ತನೆಗೆ ಒದಗುವ ಚೇಗು ಕಟ್ಟಲು ಹದಿನೈದು ಇಪ್ಪತ್ತು ವರ್ಷವಾದರೂ ಬೇಕು. ದರವಂತೂ ಸಾಮಾನ್ಯ ಕುಶಲಕರ್ಮಿಯ ಕೈಗೆಟುಕುವಂತಿಲ್ಲ. ಆದ್ದರಿಂದ ಶಿವನೆ, ತೇಗದಂಥ ಮರಗಳಿಗೆ ಉಳಿ ತಿರುಗಿತು. ಮೊಬೈಲ್ ಬಂದದ್ದು ಈ ಸ್ಥಿತ್ಯಂತರದ ನಡುವೆ ಎಂಬುದನ್ನು ನೆನಪಿಡಬೇಕು. ಮರದ ಕೊರತೆಯಿಂದ ಆದ ಬದಲಾವಣೆಯನ್ನೂ ತಂತ್ರಜ್ಞಾನದ ಖಾತೆಗೆ ಬರೆಯುವುದು ಸುಲಭ, ಸರಿಯಲ್ಲ.

ಗಂಧದ ವಸ್ತುವನ್ನು ಅಂತರ್ಜಾಲದಲ್ಲಿ ಮಾರುವವನಿಗೆ ಇನ್ನೊಂದು ತೊಡಕಿದೆ. ತನ್ನ ಬಳಿ ಇರುವ ಮರ ಕಾನೂನುಬದ್ಧ ಮೂಲದ್ದು ಎಂಬ ಕಾಗದವನ್ನು ಆತ ಇಟ್ಟುಕೊಂಡಿರಬೇಕು. ಹಿಂದೆ ಅಂಥ ಕಾಗದ ಮಳಿಗೆಯ ಕಡತದಲ್ಲಿರುತ್ತಿತ್ತು. ಪರದೆಯ ಮೇಲೆ ಅಸಲಿ ಗಂಧಕ್ಕೂ ಗಂಧದೆಣ್ಣೆ ಸವರಿದ ಅಗ್ಗದ ಮರಕ್ಕೂ ವ್ಯತ್ಯಾಸ ಕಾಣದು. ಪರಿಮಳವನ್ನು ರವಾನಿಸುವ ಮೊಬೈಲ್ ಇನ್ನೂ ಬಂದಿಲ್ಲವಲ್ಲ!

ಒಂದು ವಿಗ್ರಹದ ಲೆಕ್ಕ

ನೇರ ಮಾರಾಟ ಹೇಗೆ ನಡೆಯುತ್ತದೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಬೆಂಗಳೂರಿನ ಗೃಹಸ್ಥರೊಬ್ಬರಿಗೆ ಒಂದಡಿ ಎತ್ತರದ ಶಿವನೆ ಮರದ ವೇಣುಗೋಪಾಲ ಬೇಕು. ಇನ್‌ಸ್ಟಾಗ್ರಾಮ್‌ನಲ್ಲಿ ಚಿತ್ರ ಕಂಡು ವಾಟ್ಸ್‌ಆ್ಯಪ್‌ನಲ್ಲಿ ವಿಚಾರಿಸುತ್ತಾರೆ. ಕಲಾವಿದ ಹಳೆಯ ಕೆಲಸಗಳ ಚಿತ್ರ ಕಳುಹಿಸಬೇಕು, ಬೆಲೆ ಹೇಳಬೇಕು, ಚೌಕಾಸಿಗೆ ಉತ್ತರಿಸಬೇಕು. ಒಪ್ಪಿಗೆಯಾದರೆ ಮುಂಗಡ ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ. ಕೆಲಸದ ನಡುವೆ ವಿಡಿಯೊ ಕಳುಹಿಸಬೇಕು. ಮುಖ ಮುಗಿದ ಮೇಲೆ 'ನಗು ಸ್ವಲ್ಪ ಹೆಚ್ಚಾಗಲಿ' ಎಂಬ ಸಂದೇಶ ಬಂದರೆ, ಮರ ಜೇಡಿಮಣ್ಣಲ್ಲ, ಒಮ್ಮೆ ತೆಗೆದದ್ದನ್ನು ಮತ್ತೆ ಅಂಟಿಸಲಾಗದು ಎಂದು ವಿನಯದಿಂದ ತಿಳಿಸಬೇಕು. ಆಮೇಲೆ ರಟ್ಟಿನ ಪೆಟ್ಟಿಗೆ, ಹತ್ತಿ, ಹುಲ್ಲು. ಕೊಳಲಿನ ತುದಿ ಮುರಿಯದಂತೆ ಕಟ್ಟುವುದು ಕೆತ್ತುವುದಕ್ಕಿಂತ ಬೇರೆಯದೇ ವಿದ್ಯೆ. ಹಳ್ಳಿಯಿಂದ ಪೇಟೆಯ ಅಂಚೆ ಕಚೇರಿಗೋ ಕೊರಿಯರ್‌ಗೋ ಒಂದು ದಿನದ ಓಡಾಟ. ದಾರಿಯಲ್ಲಿ ಮುರಿದರೆ ನಷ್ಟ ಯಾರದು? ಹಿಂದೆ ಮಳಿಗೆಯದು, ಈಗ ಕೆತ್ತಿದವನದು.

ಇವುಗಳಲ್ಲಿ ಒಂದೂ ಉಳಿ ಹಿಡಿದ ಸಮಯವಲ್ಲ. ಬೆಲೆ ನಿಗದಿಪಡಿಸುವಾಗ ಕಲಾವಿದರು ಸಾಮಾನ್ಯವಾಗಿ ಮರ ಮತ್ತು ಕೂಲಿಯನ್ನಷ್ಟೇ ಲೆಕ್ಕ ಹಾಕುತ್ತಾರೆ. ಕೂಲಿಯೆಂದರೆ ಕೆತ್ತಿದ ದಿನಗಳು. ಸಂದೇಶಕ್ಕೆ ಉತ್ತರಿಸಿದ ರಾತ್ರಿಗಳು, ಚಿತ್ರ ತೆಗೆಯಲು ಬಿಸಿಲು ಕಾದ ಬೆಳಗುಗಳು, ಕೊನೆಗೆ ಕೊಳ್ಳದೆ ಹೋದ ಹತ್ತು ಗಿರಾಕಿಗಳ ವಿಚಾರಣೆ, ಇವು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಮಧ್ಯವರ್ತಿಯ ಕಮಿಷನ್ ಉಳಿಯಿತೆಂದು ಸಂತೋಷಪಡುವ ಮೊದಲು ಆ ಕಮಿಷನ್‌ನಲ್ಲಿ ಏನೇನು ಸೇರಿತ್ತು ಎಂದು ಕೇಳಿಕೊಳ್ಳಬೇಕೆಂಬುದು ಈ ಲೇಖಕನ ಅಭಿಪ್ರಾಯ.

ಹಾಗೆಂದು ಲಾಭವಿಲ್ಲವೆಂದಲ್ಲ. ಗಿರಾಕಿಯ ವಿಳಾಸ ಕಲಾವಿದನ ಮೊಬೈಲಿನಲ್ಲೇ ಉಳಿಯುತ್ತದೆ. ಇದು ಸಣ್ಣ ಸಂಗತಿಯಲ್ಲ. ಇಂದು ವೇಣುಗೋಪಾಲ ಕೊಂಡವರು ಮಗಳ ಮದುವೆಗೆ ಬಾಸಿಂಗ ಕೇಳುತ್ತಾರೆ, ನೆಂಟರಿಗೆ ಹೇಳುತ್ತಾರೆ. ಅಮೆರಿಕದ ಕನ್ನಡ ಕುಟುಂಬವೊಂದು ಸೊರಬದ ಕೆತ್ತನೆಗಾರನೊಡನೆ ಕನ್ನಡದಲ್ಲೇ ಮಾತಾಡಿ ವ್ಯವಹಾರ ಮುಗಿಸುವುದು ಇಂದು ಸಾಧ್ಯ. ದಾಸೋಜ ಕಲ್ಲಿನಲ್ಲಿ ಬರೆದ ಹೆಸರು ಈ ರೀತಿಯಲ್ಲಿ ಮರಳಿ ಬಂದಿದೆ ಎನ್ನಲು ಅಡ್ಡಿಯಿಲ್ಲ.

ಯಂತ್ರದ ಉಳಿ

ಮಾರಾಟದ ಮಾತು ಹೀಗಾದರೆ ತಯಾರಿಕೆಯ ಮಾತು ಬೇರೆ. ಬಾಗಿಲು, ದೇವರ ಮಂಟಪ, ಸೋಫಾ, ಇವುಗಳ ಮೇಲಿನ ಹೂಬಳ್ಳಿಯ ಕೆತ್ತನೆಯನ್ನು ಈಗ ಸಿಎನ್‌ಸಿ ಯಂತ್ರಗಳು ಮಾಡುತ್ತಿವೆ. ಗಣಕಯಂತ್ರದಲ್ಲಿರುವ ವಿನ್ಯಾಸದ ಕಡತವನ್ನು ಓದಿಕೊಂಡು ತಿರುಗುವ ಮೊಳೆಯೊಂದು ಹಲಗೆಯನ್ನು ಕೊರೆಯುತ್ತದೆ. ಹತ್ತನೆಯ ಬಾಗಿಲು ಮೊದಲನೆಯದರ ತದ್ರೂಪ. ಸಾಮಾನ್ಯ ಮೂರು ಅಕ್ಷದ ಯಂತ್ರಕ್ಕೆ ಒಂದು ಮಿತಿಯಿದೆ: ಮೊಳೆ ಮೇಲಿನಿಂದ ಮಾತ್ರ ಇಳಿಯುವುದರಿಂದ ಎಲೆಯ ಕೆಳಗೆ ನುಗ್ಗಿ ಟೊಳ್ಳು ಮಾಡಲಾರದು. ಗುಡಿಗಾರರ ಕೆಲಸದ ಸೊಗಸಿರುವುದೇ ಆ ಟೊಳ್ಳಿನಲ್ಲಿ, ಬಳ್ಳಿಯ ಹಿಂದೆ ಬಳ್ಳಿ ಹರಿದು ನೆರಳು ಬೀಳುವುದರಲ್ಲಿ. ಆದರೆ ಬಾಗಿಲು ಕೊಳ್ಳುವ ಎಲ್ಲರಿಗೂ ಆ ನೆರಳು ಬೇಕೆಂದಿಲ್ಲ. ಹೆಚ್ಚು ಅಕ್ಷಗಳ ಯಂತ್ರಗಳು ಆ ಮಿತಿಯನ್ನೂ ದಾಟುತ್ತಿವೆ.

ಇದರಿಂದ ಮೊದಲು ಪೆಟ್ಟು ಬಿದ್ದದ್ದು ನುರಿತ ಶಿಲ್ಪಿಗಲ್ಲ, ಕಲಿಯುವ ಹುಡುಗನಿಗೆ. ಹೂಬಳ್ಳಿ, ಅಂಚು, ಹಿನ್ನೆಲೆ ತೆಗೆಯುವ ಕೆಲಸಗಳಲ್ಲೇ ಕಿರಿಯರ ಕೈ ಪಳಗುತ್ತಿತ್ತು, ಜೊತೆಗೆ ನಾಲ್ಕು ಕಾಸೂ ಸಿಗುತ್ತಿತ್ತು. ಆ ಮೆಟ್ಟಿಲನ್ನೇ ಯಂತ್ರ ತೆಗೆದುಬಿಟ್ಟರೆ ಮೇಲಿನ ಮಹಡಿಗೆ ಹತ್ತುವುದು ಹೇಗೆ?

ಶಿಕಾರಿಪುರದ ಪೇಟೆಯಲ್ಲಿ ಕುಂಚ ಹಿಡಿದವರು

ಡಿಜಿಟಲ್ ಎಂಬ ಪದ ಮನೆಮಾತಾಗುವ ಮೊದಲೇ ಅದರ ಏಟು ತಿಂದವರು ನಮ್ಮ ತಾಲ್ಲೂಕು ಪೇಟೆಗಳ ಫಲಕ ಬರಹಗಾರರು. ಹೆಸರಿನ ಮುಂದೆ 'ಆರ್ಟ್ಸ್' ಎಂದು ಸೇರಿಸಿಕೊಂಡ ಆ ಪುಟ್ಟ ಅಂಗಡಿಗಳು ಶಿಕಾರಿಪುರದಂಥ ಊರಿನ ಬಸ್ ನಿಲ್ದಾಣದ ಸುತ್ತ ಇದ್ದೇ ಇರುತ್ತಿದ್ದವು. ಅಕ್ಕಿ ಗಿರಣಿಯ ಫಲಕ, ಲಾರಿಯ ಹಿಂಬದಿ, ಶಾಲೆಯ ಗೋಡೆಯ ಗಾಂಧಿ, ಚುನಾವಣೆಯ ಚಿಹ್ನೆ, ಜಾತ್ರೆಯ ನಾಟಕದ ಪರದೆ, ಎಲ್ಲವೂ ಅವರದೇ. ಕನ್ನಡ ಅಕ್ಷರಗಳ ತಲೆಕಟ್ಟಿಗೆ ನೆರಳು ಕೊಟ್ಟು ಎತ್ತರಿಸುವ ಅವರ ಕೈಚಳಕ ನೋಡುತ್ತ ನಿಂತು ಬಸ್ ತಪ್ಪಿಸಿಕೊಂಡವರು ಓದುಗರಲ್ಲೂ ಇರಬಹುದು.

2000ದ ದಶಕದಲ್ಲಿ ಫ್ಲೆಕ್ಸ್ ಮುದ್ರಣ ಬಂದಿತು. ದಿನಗಟ್ಟಲೆ ಬರೆಯುವ ಫಲಕ ಒಂದು ಗಂಟೆಯಲ್ಲಿ, ಛಾಯಾಚಿತ್ರ ಸಹಿತ, ಚದರಡಿ ಲೆಕ್ಕದಲ್ಲಿ ಸಿದ್ಧವಾಗತೊಡಗಿತು. ಬರಹ, ನುಡಿ ತಂತ್ರಾಂಶಗಳು ಕನ್ನಡವನ್ನು ಗಣಕಯಂತ್ರಕ್ಕೆ ತಂದದ್ದು ನಾಡಿಗೆ ಆದ ಮಹದುಪಕಾರ. ಅದೇ ಉಪಕಾರ ಕುಂಚದ ಅಕ್ಷರಕ್ಕೆ ಮುಳುವಾಯಿತೆಂಬುದೂ ಸತ್ಯ. ಕೆಲವರು ಕೋರೆಲ್‌ಡ್ರಾ ಕಲಿತು ಅದೇ ಮುದ್ರಣಾಲಯಗಳ ವಿನ್ಯಾಸಕಾರರಾದರು. ಕೆಲವರು ಮನೆಗಳಿಗೆ ಬಣ್ಣ ಹೊಡೆಯಲು ಹೋದರು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸನ್ನೂ ಸೇರಿಸಿದಾಗ ಕುಂಚಕ್ಕೆ ಮರುಜೀವ ಬಂದೀತೆಂಬ ಆಸೆ ಹುಟ್ಟಿತ್ತು. ಫ್ಲೆಕ್ಸ್ ಹೋಗಲಿಲ್ಲ, ಕುಂಚ ಬರಲಿಲ್ಲ.

ಈಗ ವಿನ್ಯಾಸಕಾರನ ಕುರ್ಚಿಯೂ ಅಲುಗಾಡುತ್ತಿದೆ. ಹುಟ್ಟುಹಬ್ಬದ ಶುಭಾಶಯ ಫಲಕವನ್ನು ಮೊಬೈಲಿನ ಉಚಿತ ಆ್ಯಪ್‌ನಲ್ಲೇ ಮಾಡಿಕೊಳ್ಳಬಹುದು. 2022ರ ನಂತರ ಬಂದ ಕೃತಕ ಬುದ್ಧಿಮತ್ತೆಯ ಚಿತ್ರಕಾರ ಯಂತ್ರಗಳು ಒಂದು ಸಾಲು ಬರೆದರೆ ಹತ್ತು ಚಿತ್ರ ಕೊಡುತ್ತವೆ. ಒಂದೇ ಆಯುಷ್ಯದಲ್ಲಿ ಎರಡು ಬಾರಿ ಕಸುಬು ಬದಲಿಸಿದ ಮನುಷ್ಯನಿಗೆ ಮೂರನೆಯ ಬಾರಿಗೆ ಹೊಸದನ್ನು ಕಲಿ ಎಂದು ಉಪದೇಶಿಸುವುದು ಸುಲಭ. ಆ ಕಲಿಕೆಯ ಕಾಲದ ಅಕ್ಕಿ ಬೇಳೆಗೆ ಯಾರು ಹೊಣೆ ಎಂಬುದು ಆ ಉಪದೇಶದಲ್ಲಿ ಇರುವುದಿಲ್ಲ.

ಹಸೆಯಿಂದ ಚೌಕಟ್ಟಿಗೆ

ಸೊರಬ, ಸಾಗರ ಭಾಗದ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರದ ಕಥೆ ಇವೆರಡಕ್ಕಿಂತ ಭಿನ್ನ. ಅದು ಮಾರುವ ವಸ್ತುವಾಗಿರಲೇ ಇಲ್ಲ. ಮದುವೆ ಮನೆಯ ಹಸೆಗೋಡೆಯ ಮೇಲೆ, ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೆ ಬರೆಯುವ ವಿಧಿ ಅದು. ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಹುರಿದು ಕರಕಾಗಿಸಿದ ಅಕ್ಕಿಯ ಕಪ್ಪು, ಗುರಿಗೆಯ ಹಳದಿ. ಪುಂಡಿ ನಾರಿನ ಕುಂಚ. ಗೆರೆಗಳು ನೇರ, ಲೆಕ್ಕ ಖಚಿತ. ಬರೆದವಳಿಗೆ ಅದು ದುಡಿಮೆಯಲ್ಲ, ಮನೆಗೆಲಸಗಳ ನಡುವಿನ ಒಂದು ಗೌರವ.

ಇಂದು ಅದೇ ಚಿತ್ತಾರ ಕ್ಯಾನ್ವಾಸಿನ ಮೇಲೆ, ಕಾಗದದ ಮೇಲೆ, ಸೀರೆಯ ಸೆರಗಿನ ಮೇಲೆ ಬಂದಿದೆ. ಕಲಿಸುವ ತರಗತಿಗಳು ಅಂತರ್ಜಾಲದಲ್ಲೂ ನಡೆಯುತ್ತವೆ. ಹೆಣ್ಣುಮಕ್ಕಳ ಕೈಗೆ ಸ್ವಂತ ಸಂಪಾದನೆ ಬಂದಿರುವುದು ಸಂತಸದ ವಿಷಯ. ಆದರೆ ಎರಡು ಪ್ರಶ್ನೆಗಳಿವೆ. ಮನೆಯಲ್ಲಿರುವ ಮೊಬೈಲ್ ಯಾರದು? ಸಂಖ್ಯೆ ಗಂಡನದೋ ಮಗನದೋ ಆಗಿದ್ದರೆ ಗಿರಾಕಿಯೂ ಹಣವೂ ಅವನ ಖಾತೆಗೆ ಹೋಗುತ್ತವೆ. ಬರೆದವಳು ಮತ್ತೆ ಗೋಡೆಯ ಹಿಂದೆ.

ಎರಡನೆಯದು ನಕಲಿನ ಪ್ರಶ್ನೆ. ಅಂತರ್ಜಾಲಕ್ಕೆ ಏರಿಸಿದ ಚಿತ್ತಾರದ ಚಿತ್ರವನ್ನು ಯಾರು ಬೇಕಾದರೂ ಇಳಿಸಿಕೊಂಡು ಲೋಟ, ದಿಂಬು, ಬಟ್ಟೆಗಳ ಮೇಲೆ ಮುದ್ರಿಸಬಹುದು. 1957ರ ಕೃತಿಸ್ವಾಮ್ಯ ಕಾಯಿದೆ ರಕ್ಷಿಸುವುದು ಒಬ್ಬ ನಿರ್ದಿಷ್ಟ ಕರ್ತೃವಿನ ನಿರ್ದಿಷ್ಟ ಕೃತಿಯನ್ನು. ಅಜ್ಜಿಯಿಂದ ಮೊಮ್ಮಗಳಿಗೆ ಬಂದ ವಿನ್ಯಾಸಕ್ಕೆ ಕರ್ತೃ ಯಾರೆಂದು ಕಾಯಿದೆ ಕೇಳಿದರೆ ಇಡೀ ಸಮುದಾಯ ಸಾಲುಗಟ್ಟಿ ನಿಲ್ಲಬೇಕಾದೀತು. ಚನ್ನಪಟ್ಟಣದ ಆಟಿಕೆ, ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗಳಿಗೆ ದೊರೆತ ಭೌಗೋಳಿಕ ಸೂಚ್ಯಂಕ ಮಾನ್ಯತೆಯ ಉದ್ದೇಶ ಸಮುದಾಯದ ಹೆಸರನ್ನು ಕಾಯುವುದು. ಆದರೆ ಹೆಸರು ಬಳಸದೆ ಗೆರೆಗಳನ್ನಷ್ಟೇ ಕದ್ದರೆ ಅದೂ ಹೆಚ್ಚು ನೆರವಾಗದು.

ಸರ್ಕಾರದ ಕಣ್ಣಿಗೆ ಇವರು ಯಾರು?

ಸ್ವಯಂ ಉದ್ಯೋಗಿ ಎಂಬ ಪದ ಕೇಳಲು ಗಂಭೀರವಾಗಿದೆ. ಅದರ ಅರ್ಥ: ಭವಿಷ್ಯನಿಧಿಯಿಲ್ಲ, ಇಎಸ್‌ಐ ಇಲ್ಲ, ರಜೆಗೆ ಸಂಬಳವಿಲ್ಲ, ಬೆರಳಿಗೆ ಉಳಿ ತಗುಲಿದರೆ ಪರಿಹಾರವಿಲ್ಲ. ಈ ಕೊರತೆಯನ್ನು ತುಂಬಲು ಯೋಜನೆಗಳು ಇಲ್ಲವೆಂದಲ್ಲ. ತೊಡಕೆಂದರೆ ಒಂದೊಂದು ಯೋಜನೆ ಒಬ್ಬನೇ ಕಲಾವಿದನನ್ನು ಒಂದೊಂದು ಹೆಸರಿನಿಂದ ಕರೆಯುತ್ತದೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಕೈ ಮತ್ತು ಉಪಕರಣಗಳಿಂದ ದುಡಿಯುವ ಸ್ವಯಂ ಉದ್ಯೋಗಿಗಳಿಗೆಂದೇ ರೂಪಿತವಾದದ್ದು. ಶೇ.5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂ. ಸಾಲ, ಉಪಕರಣಗಳಿಗೆ 15,000 ರೂ., ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂ. ಡಿಜಿಟಲ್ ಪಾವತಿಗೂ ಪ್ರೋತ್ಸಾಹಧನವಿದೆ: ಒಂದು ವಹಿವಾಟಿಗೆ 1 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 100 ವಹಿವಾಟು! ಪಟ್ಟಿಯಲ್ಲಿ 18 ಕಸುಬುಗಳಿವೆ. ಬಡಗಿ, ಶಿಲ್ಪಿ, ಕುಂಬಾರ, ಬುಟ್ಟಿ ಹೆಣೆಯುವವರು ಇದ್ದಾರೆ. ಚಿತ್ರ ಬರೆಯುವವರು ಇಲ್ಲ. ಬುಟ್ಟಿ ಹೆಣೆದವಳಿಗೆ ಸಾಲವುಂಟು, ಅದೇ ಬುಟ್ಟಿಯ ಮೇಲೆ ಚಿತ್ತಾರ ಬರೆದವಳಿಗಿಲ್ಲ. ಜೊತೆಗೆ ಒಂದು ಕುಟುಂಬಕ್ಕೆ ಒಬ್ಬರೇ ಎಂಬ ನಿಯಮ. ಗಂಡ ಮರ ಕೆತ್ತಿ ಹೆಂಡತಿ ಬಾಸಿಂಗ ಮಾಡುವ ಮನೆಯಲ್ಲಿ ಒಬ್ಬರಷ್ಟೇ ವಿಶ್ವಕರ್ಮರು.

ತೆರಿಗೆ ಇಲಾಖೆಗೆ ಇವರು ವರ್ತಕರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ನೀಡುವವರಿಗೆ 20 ಲಕ್ಷ ರೂ. ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ನಮ್ಮ ಕಲಾವಿದರಲ್ಲಿ ಬಹುತೇಕರು ಆ ಮಿತಿಯ ಹತ್ತಿರಕ್ಕೂ ಹೋಗುವವರಲ್ಲ. 2023ರ ಅಕ್ಟೋಬರ್‌ನಿಂದ ಸಣ್ಣ ಮಾರಾಟಗಾರರು ನೋಂದಣಿಯಿಲ್ಲದೆಯೂ ಇ-ಕಾಮರ್ಸ್ ತಾಣಗಳಲ್ಲಿ ಮಾರಲು ಅವಕಾಶ ದೊರೆತಿದೆ, ಆದರೆ ರಾಜ್ಯದೊಳಗೆ ಮಾತ್ರ. ತಾಣದ ಮೂಲಕ ಮುಂಬೈನವರಿಗೆ ಕಳುಹಿಸಬೇಕಾದರೆ ನೋಂದಣಿ ಬೇಕು, ಅದರ ಹಿಂದೆ ಲೆಕ್ಕಪತ್ರ ಸಲ್ಲಿಕೆಯೂ ಬರುತ್ತದೆ. ಅಂತರ್ಜಾಲಕ್ಕೆ ಗಡಿಯಿಲ್ಲವೆಂಬ ಮಾತು ಸೊರಬದ ಸಣ್ಣ ಮಾರಾಟಗಾರನ ಪಾಲಿಗೆ ಪೂರ್ತಿ ನಿಜವಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸುಗಳು ಹೋದಾಗ ಅನೇಕರು ಕ್ಯೂಆರ್ ಕೋಡ್ ಫಲಕಗಳನ್ನೇ ತೆಗೆದಿಟ್ಟರು. ಪ್ರತಿಭಟನೆಯ ಬಳಿಕ ಹಳೆಯ ಬಾಕಿಯ ವಿಷಯದಲ್ಲಿ ಸರ್ಕಾರ ಮೆತ್ತಗಾಯಿತು. ಮನೆಯವರ ಸಾಲ, ನೆಂಟರ ಹಣ, ವ್ಯಾಪಾರ ಎಲ್ಲವೂ ಒಂದೇ ಖಾತೆಗೆ ಬರುವವರು ಆ ಪ್ರಸಂಗದಿಂದ ಎಚ್ಚೆತ್ತುಕೊಳ್ಳುವುದು ಮೇಲು.

ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಣ್ಣಿಗೆ ಇವರು ಕಲಾವಿದರು. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನವಿದೆ. 2024ರಲ್ಲಿ ವಿಧಾನಮಂಡಲ ಒಪ್ಪಿದ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣ ಮಸೂದೆ ಚಿತ್ರಮಂದಿರದ ಟಿಕೆಟ್, ಒಟಿಟಿ ಚಂದಾಗಳ ಮೇಲಿನ ಉಪಕರದಿಂದ ನಿಧಿಯೊಂದನ್ನು ಕಟ್ಟುವ ಉದ್ದೇಶದ್ದು. 2025ರಲ್ಲಿ ಗಿಗ್ ಕಾರ್ಮಿಕರಿಗೂ ಕಾನೂನು ಬಂದಿತು. ಊಟ ತಲುಪಿಸುವ ಹುಡುಗನ ಸಾಮಾಜಿಕ ಭದ್ರತೆಗೆ ಪ್ಲಾಟ್‌ಫಾರ್ಮ್ ಸಂಸ್ಥೆಯಿಂದ ಶುಲ್ಕ ವಸೂಲು ಮಾಡಬಹುದೆಂಬ ತತ್ವವನ್ನು ಅದು ಒಪ್ಪಿಕೊಂಡಿದೆ. ಇನ್‌ಸ್ಟಾಗ್ರಾಮ್‌ನಲ್ಲಿ ಚಿತ್ರ ತೋರಿಸಿ ವಾಟ್ಸ್‌ಆ್ಯಪ್‌ನಲ್ಲಿ ವ್ಯಾಪಾರ ಕುದುರಿಸುವ ಕೆತ್ತನೆಗಾರನಿಗೆ ಆ ಬಗೆಯ ಪ್ಲಾಟ್‌ಫಾರ್ಮ್ ಇಲ್ಲ. ಅಲ್ಲಿ ವಹಿವಾಟು ತಾಣದ ಮೂಲಕ ನಡೆಯುವುದಿಲ್ಲವಾದ್ದರಿಂದ ಶುಲ್ಕ ಹಾಕಲು ಯಾರೂ ಸಿಗುವುದಿಲ್ಲ. ಸ್ವತಂತ್ರನಾದಷ್ಟೂ ಭದ್ರತೆಯಿಂದ ದೂರ ಎಂಬ ಈ ಗಂಟನ್ನು ಯಾವ ಕಾನೂನೂ ಇದುವರೆಗೆ ಬಿಚ್ಚಿದಂತಿಲ್ಲ.

ಮಲೆನಾಡಿನ ನೆಟ್‌ವರ್ಕ್ ಸಮಸ್ಯೆಯನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂಬ ಅಭಿಯಾನವೇ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ನಡೆದದ್ದು ಓದುಗರಿಗೆ ನೆನಪಿರಬಹುದು. ಮಳೆಗಾಲದಲ್ಲಿ ವಿದ್ಯುತ್ ಹೋದರೆ ಗಿರಾಕಿಗೆ ಉತ್ತರವೂ ಹೋಗದು. ಉತ್ತರ ಬಾರದ ಗಿರಾಕಿ ಮುಂದಿನ ಚಿತ್ರಕ್ಕೆ ಬೆರಳು ಸರಿಸಿರುತ್ತಾನೆ.

ಈ ಭಾಗದ ಕಲಾವಿದರಿಂದ ನೇರವಾಗಿ ಕೊಳ್ಳುವ ಇಚ್ಛೆಯುಳ್ಳ ನಗರದ ಓದುಗರಿಗೆ ಕೆಲವು ವ್ಯಾವಹಾರಿಕ ಮಾತುಗಳು. ಚೌತಿಯ ಗಣಪತಿ ಬೇಕಾದರೆ ಆಷಾಢಕ್ಕೆ ಮೊದಲೇ ಹೇಳಿ; ಶ್ರಾವಣದಲ್ಲಿ ಮಣ್ಣು ಒಣಗುವುದೇ ಕಷ್ಟ. ಮರದ ಕೆಲಸಕ್ಕೆ ಅರ್ಧ ಹಣ ಮುಂಗಡ ಕೊಡಿ, ಸಾಗಣೆಯ ವೆಚ್ಚ ಪ್ರತ್ಯೇಕವೆಂದು ತಿಳಿಯಿರಿ, ಹಾದಿಯಲ್ಲಿ ಮುರಿದರೆ ಏನೆಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಗಂಧದ ವಸ್ತುವಾದರೆ ಮರದ ಮೂಲದ ರಸೀದಿ ಕೇಳಲು ಸಂಕೋಚ ಬೇಡ, ಪ್ರಾಮಾಣಿಕ ಕುಶಲಕರ್ಮಿಗೆ ಅದರಿಂದ ಬೇಸರವಾಗದು. ಚಿತ್ತಾರವಾದರೆ ಬರೆದವರ ಹೆಸರನ್ನು ಹಿಂಬದಿಯಲ್ಲಿ ಬರೆಸಿಕೊಳ್ಳಿ, ಹಣವನ್ನು ಆಕೆಯ ಖಾತೆಗೇ ಹಾಕಲು ಸಾಧ್ಯವೇ ಎಂದು ವಿಚಾರಿಸಿ. ಮೈಸೂರು, ಬೆಂಗಳೂರಿನಲ್ಲಿ ಕಂಡ ಬೆಲೆಗೆ ಹೋಲಿಸಿ ಚೌಕಾಸಿ ಮಾಡುವ ಮುನ್ನ, ಆ ಬೆಲೆಯೊಳಗೆ ಮಳಿಗೆಯವರು ಮಾಡುತ್ತಿದ್ದ ಅಷ್ಟೂ ಕೆಲಸವನ್ನು ಈಗ ಈ ಮನೆಯವರೇ ಮಾಡುತ್ತಿದ್ದಾರೆಂಬುದನ್ನು ಗಮನಿಸಿ.